ಮೋಟಾರುಮನೆಯ ಬಾಗಿಲು

ಭದ್ರಾವತಿಯ ಬಾಡಿಗೆಯ ಮನೆಯನ್ನು ಬಿಟ್ಟು ನಾವು ಶಿವಮೊಗ್ಗೆಗೆ ಮಗನಲ್ಲಿಗೆ ಬಂದಾಗ, ನಮ್ಮ ಪುಸ್ತಕದ ಪೆಟ್ಟಿಗೆಗಳಿಗೆ ಮೋಟಾರುಮನೆಯಲ್ಲಿ ಸ್ಥಳ ದೊರೆಯಿತು. ಆಷಾಢದ ಒಂದು ರಾತ್ರಿ ಪಡುವಣ ಗಾಳಿಮಳೆಯು ಬಾಗಿಲಡಿಯ ಸಂದಿನಿಂದ ಒಳನುಗ್ಗಿತು. ಬೆಳಗ್ಗೆ ನೋಡಿದರೆ, ತೀರ್ಥರೂಪರು ಸ್ವಹಸ್ತದಿಂದ ಟಿಪ್ಪಣಿ ಬರೆದಿದ್ದ ಅಮರಕೋಶದ ಪುಟಗಳಲ್ಲಿ ಮಸಿಯೆಲ್ಲ ಹರಡಿ ಬರಿಯ ನೀಲಿಯ ಕಲೆಯಾಗಿತ್ತು. ಮಗನು ತಲೆ ತಗ್ಗಿಸಿ ನಿಂತನು. ನಾವೂ ಏನನ್ನೂ ಆಡಲಿಲ್ಲ.

ಮರುದಿನವೇ ಗಾಂಧೀ ಬಜಾರಿನಿಂದ ರಬ್ಬರಿನ ಪಟ್ಟಿ ತಂದು ಬಾಗಿಲಡಿಗೆ ಜಡಿಸಿದೆವು. ನಡುವೆ ಅದು ನೆಲಕ್ಕೊತ್ತಿತು. ಮೂಲೆಗಳಲ್ಲಿ ಬೆರಳು ತೂರುವಷ್ಟು ಸಂದು ಹಾಗೆಯೇ ಉಳಿಯಿತು. ತಪ್ಪು ಬಾಗಿಲಿನದಲ್ಲ, ನೆಲದ್ದು. ಇದನ್ನು ಕಂಡುಹಿಡಿದವನು, 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಮಾಡಿದ್ದ ನಮ್ಮ ಹಳೆಯ ಶಿಷ್ಯನು. ವ್ಯಾಕರಣದ ಪಾಠದಲ್ಲಿ ಅವನನ್ನು ನಾವು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆವೋ! ಅವನು ಹೊರಕ್ಕೆ ಇಳಿಜಾರಾಗುವಂತೆ ಸಿಮೆಂಟಿನ ಹೊಸ್ತಿಲನ್ನು ಕಟ್ಟಿಸಿ, ಅದು ಗಟ್ಟಿಯಾದ ಮೇಲೆ ಪಟ್ಟಿಯನ್ನು ಕೂಡಿಸಿದನು. ಪಕ್ಕದ ಸಂದುಗಳಿಗೂ ಪಟ್ಟಿ ಬಿದ್ದಿತು. ಮೇಲಿನ ಗವಾಕ್ಷಿಯನ್ನೂ ಮುಚ್ಚಿಬಿಡೆಂದೆವು.

“ಬೇಡಿ ಮೇಷ್ಟ್ರೇ, ಗಾಳಿಯಾಡದಿದ್ದರೆ ಒಳಗಿನ ತೇವವೇ ಪುಸ್ತಕಕ್ಕೆ ಬೂಷ್ಟು ಹಿಡಿಸೀತು” ಎಂದನು. ಒಪ್ಪಿದೆವು.

ಶ್ರಾವಣದ ಮಳೆಗೆ ಒಳಗೆ ಒಂದು ಹನಿಯೂ ಬೀಳಲಿಲ್ಲ. ಈಗ ಸಂಜೆಯ ಹೊತ್ತು, ಅಳಿಸಿಹೋದ ಟಿಪ್ಪಣಿಗಳನ್ನು ನಾವು ನೆನಪಾದಷ್ಟು ಹೇಳುತ್ತೇವೆ, ಮಗನು ಬರೆದುಕೊಳ್ಳುತ್ತಾನೆ.