ಕುದುರೆಯ ಕಾಲಿನ ಲೆಕ್ಕ

ನಮ್ಮ ಧರ್ಮಕೇಂದ್ರದ ಹಣಕಾಸು ಸಮಿತಿಯ ಸಭೆ ಸೇರುವುದು ತಿಂಗಳ ಎರಡನೇ ಭಾನುವಾರ, ಪೂಜೆ ಮುಗಿದ ಮೇಲೆ, ಚಹಾ ಬೋಂಡದ ಜೊತೆಗೆ. ಸಾಮಾನ್ಯವಾಗಿ ಬೋಂಡ ಮುಗಿಯುವುದರೊಳಗೆ ಲೆಕ್ಕವೂ ಮುಗಿದಿರುತ್ತದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಮಾತ್ರ ಹಾಗಾಗಲಿಲ್ಲ. ಖಜಾಂಚಿಯವರು ಕನ್ನಡಕ ಸರಿಮಾಡಿಕೊಂಡು ಒಂದು ಸಾಲನ್ನು ಗಟ್ಟಿಯಾಗಿ ಓದಿದರು: "ಕುದುರೆಯ ಕಾಲಿಗೆ, 2,400 ರೂಪಾಯಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರು ನಗಲಿಲ್ಲ. ಆರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಸುಮಾರು ಒಂಬತ್ತು ಸಲ, ಅಂದರೆ 21,600 ಎಂದು ಅಲ್ಲೇ ಬಾಯಿಲೆಕ್ಕ ಹಾಕಿ, "ಫಾದರ್, ನಾನು ಹುಟ್ಟಿದಾಗಿನಿಂದ ಹಾಕಿದ ಚಪ್ಪಲಿಗಳಿಗೆಲ್ಲ ಸೇರಿಸಿದರೂ ಇಷ್ಟು ಖರ್ಚಾಗಿಲ್ಲ" ಎಂದರು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ನಮಗೆ ಕುದುರೆಯ ಕಾಲು ಕಂಡೇ ತಲೆನೋವು ಬಂದಿತ್ತು.

ಕುದುರೆ ಬಂದ ಕಥೆಯನ್ನು ಮೊದಲು ಹೇಳಬೇಕು. ಹೊಸೂರಿನಿಂದ ತಳಿ ಕಡೆಗೆ ಬರುವ ದಾರಿಯಲ್ಲಿ ನಮ್ಮ ಚರ್ಚು. ಅದರ ಪಕ್ಕದಲ್ಲೇ ಸಿಸ್ಟರುಗಳು ನಡೆಸುವ ವಿಶೇಷ ಮಕ್ಕಳ ಮನೆಯಿದೆ; ಅದರ ಖರ್ಚಿನಲ್ಲಿ ಒಂದು ಪಾಲು ನಮ್ಮದು. ಕೈಕಾಲು ಬಿಗಿದುಕೊಂಡ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಮೆಲ್ಲಗೆ ನಡೆಸಿದರೆ ಒಳ್ಳೆಯದೆಂದು ಫಿಸಿಯೋಥೆರಪಿಯವರು ಹೇಳಿದ್ದರು. ಕುದುರೆ ನಡೆಯುವಾಗ ಅದರ ಬೆನ್ನು ಕೂತವರ ಸೊಂಟವನ್ನು, ನಾವು ನಡೆಯುವಾಗ ಅಲುಗುವ ಹಾಗೆಯೇ ಅಲುಗಿಸುತ್ತದಂತೆ. ಎಂದೂ ನಡೆಯದ ಮಗುವಿಗೆ ಅದೊಂದು ಬಗೆಯ ನಡಿಗೆ. ಈ ಮಾತು ಹೇಗೋ ಬೆಂಗಳೂರಿನ ದಾನಿಯೊಬ್ಬರ ಕಿವಿಗೆ ಬಿದ್ದು, 2022ರ ಮಳೆಗಾಲದಲ್ಲಿ ರೇಸಿನಿಂದ ನಿವೃತ್ತಳಾದ ಒಬ್ಬ ಮುದುಕಿಯನ್ನು ಲಾರಿಯಲ್ಲಿ ಕಳಿಸಿಕೊಟ್ಟರು. ಕಾಗದದಲ್ಲಿ ಅವಳಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಹಣೆಯ ಬಿಳಿ ಬೊಟ್ಟನ್ನು ನೋಡಿ ಮಕ್ಕಳು ಚುಕ್ಕಿ ಎಂದರು. ದಾನಿಗಳು ಪತ್ರದಲ್ಲಿ "ಸಂಪೂರ್ಣ ಉಚಿತ" ಎಂದು ಬರೆದಿದ್ದರು. ಪುಗಸಟ್ಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜನ ನಾವು. ಕೂಡಲೇ ಧನ್ಯವಾದ ಪತ್ರ ಬರೆದೆ.

ಹೊಸೂರು ಸೀಮೆಗೆ ಕುದುರೆ ಹೊಸದೇನಲ್ಲ. ಪಕ್ಕದ ಮತ್ತಿಗಿರಿಯಲ್ಲಿರುವ ದೊಡ್ಡ ಜಾನುವಾರು ಫಾರ್ಮ್ 1824ರಲ್ಲಿ ಆರಂಭವಾದದ್ದೇ ಕಂಪನಿ ಸರ್ಕಾರದ ಸೈನ್ಯಕ್ಕೆ ಕುದುರೆ ಒದಗಿಸಲು. ಆದರೆ ಆ ಕುದುರೆಗಳ ಜೊತೆಗೆ ಆ ಕೆಲಸ ಬಲ್ಲವರೂ ಎಲ್ಲೋ ಹೊರಟುಹೋಗಿದ್ದರು. ವಿಚಾರಿಸಿ ವಿಚಾರಿಸಿ ಕೊನೆಗೆ ಸಿಕ್ಕಿದವರು ಆನೇಕಲ್ ಕಡೆಯ ಒಬ್ಬ ನಾಲಬಂದರು. ನಾಲ್ ಎಂದರೆ ನಮ್ಮ ಬಾಯಿಯ ಲಾಳ. ಅರವತ್ತು ದಾಟಿದ ಮುಸಲ್ಮಾನ ಹಿರಿಯರು. ಹಳೆಯ ಬೈಕಿನ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಕ್ಕ ಅಡಿಗಲ್ಲು ಕಟ್ಟಿಕೊಂಡು ಬಂದರು. ಮಕ್ಕಳು ಚಾಚಾ ಎಂದರು, ನಾನೂ ಹಾಗೇ ಕರೆದೆ. ಕೆಲಸಕ್ಕೆ 2,000, ಬಂದುಹೋಗಲು 400. ನಾನು ಸ್ವಲ್ಪ ಹಿಂದೆಮುಂದೆ ನೋಡಿದ್ದನ್ನು ಗಮನಿಸಿ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಾಮಿ, ಕುದುರೆ ಪುಕ್ಸಟ್ಟೆ ಬಂದ್ರೂ ಅದರ ಕಾಲು ಪುಕ್ಸಟ್ಟೆ ಬರಲ್ಲ."

ನಾನು ರೈತನ ಮಗ. ಲಾಳ ಕಟ್ಟುವುದನ್ನು ನೋಡಿಯೇ ಬೆಳೆದವನು, ಆದರೆ ಎತ್ತಿನ ಲಾಳ. ಎತ್ತಿನದು ಸೀಳುಗೊರಸು, ಒಂದೊಂದು ಕಾಲಿಗೆ ಎರಡೆರಡು ಹೋಳು, ಒಂದು ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಸಂತೆಯ ದಿನ ಅಪ್ಪ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಹಗ್ಗ ಹಾಕಿ ಎತ್ತನ್ನು ಕೆಡವಿ, ನಾಲ್ಕು ಕಾಲು ಸೇರಿಸಿ ಕಟ್ಟಿ, ತಲೆಯ ಮೇಲೊಬ್ಬ ಕುಳಿತು ಲಾಳ ಹೊಡೆಯುತ್ತಿದ್ದರು. ಕೂಲಿಗೆ ಸ್ವಲ್ಪ ದುಡ್ಡು, ಸುಗ್ಗಿಯಲ್ಲಿ ರಾಗಿ. ಅಪ್ಪ ಪ್ರತಿಸಲವೂ ಚೌಕಾಸಿ ಮಾಡುತ್ತಿದ್ದರು. ಆ ಲಾಳದವರು ಪ್ರತಿಸಲವೂ "ಆಗಲಿ ಬಿಡಿ ಗೌಡ್ರೆ" ಎನ್ನುತ್ತಿದ್ದರು.

ಕುದುರೆಯ ಕೆಲಸವೇ ಬೇರೆ. ಕೆಡವುವ ಹಾಗಿಲ್ಲ, ಅದು ನಿಂತಿರುವಾಗಲೇ ಕೆಲಸ ಆಗಬೇಕು. ಚಾಚಾ ಮೊದಲು ಹಗ್ಗ ಹಿಡಿದು ಅವಳನ್ನು ಆಚೀಚೆ ನಡೆಸಿ ಕಾಲುಗಳನ್ನೇ ನೋಡಿದರು. ಆಮೇಲೆ ಬಾಗಿ, ಮುಂಗಾಲನ್ನು ತಮ್ಮೆರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡರು. ಹಳೆಯ ಲಾಳ ಕಿತ್ತು, ಬಾಗಿದ ಚಾಕುವಿನಿಂದ ಅಡಿಯ ಸತ್ತ ಪದರ ಕೆತ್ತಿ, ಇಕ್ಕಳದಿಂದ ಅಂಚು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡಿದರು. ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ನಮ್ಮ ಉಗುರಿನ ಹಾಗೆ. ಬಯಲಲ್ಲಿ ಓಡಾಡುವ ಕುದುರೆಗೆ ತಾನೇ ಸವೆಯುತ್ತದೆ; ಲಾಳ ಕಟ್ಟಿದ ಮೇಲೆ ಸವೆಯುವುದಿಲ್ಲ, ಆದ್ದರಿಂದ ಆರೇಳು ವಾರಕ್ಕೊಮ್ಮೆ ಬಿಚ್ಚಿ ಸವರಲೇಬೇಕು. ಬಿಟ್ಟರೆ ಮುಂದೆ ಉದ್ದವಾಗಿ, ಹಿಂದಿನ ನರದ ಮೇಲೆ ಭಾರ ಬಿದ್ದು ಕುಂಟುತ್ತದೆ. ಸುಮಾರು 450 ಕಿಲೋ ತೂಕ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲೆ.

ಮೊಳೆ ಹೊಡೆಯುವಾಗ ನಾನು ಉಸಿರು ಬಿಗಿಹಿಡಿದು ನೋಡಿದೆ. ಒಂದು ಲಾಳಕ್ಕೆ ಆರರಿಂದ ಎಂಟು ಮೊಳೆ. ಗೊರಸಿನ ಹೊರಗೋಡೆಗೆ ನೋವಿಲ್ಲ. ಅದರ ಒಳಗಡೆ ಜೀವವಿದೆ. ಇವೆರಡರ ನಡುವೆ ಒಂದು ಬಿಳಿ ಗೆರೆ ಮಾತ್ರ. ಮೊಳೆ ಆ ಗೆರೆಯಿಂದ ಹೊರಕ್ಕೆ ಹೋಗಿ ಗೋಡೆಯಲ್ಲಿ ಮೂತಿ ತೋರಿಸಬೇಕು. ಚಾಚಾ ಅದನ್ನು ಕಣ್ಣಿಂದಲ್ಲ, ಸುತ್ತಿಗೆಯ ಸದ್ದಿನಿಂದ ತಿಳಿಯುತ್ತಿದ್ದರು. ಗಟ್ಟಿ ಸದ್ದು ಬಂದರೆ ಸರಿಯಂತೆ. ಮೆತ್ತಗೆ ಬಂದರೆ ಕೂಡಲೇ ಕೀಳಬೇಕಂತೆ. ಮುಗಿಯುವಾಗ ಎರಡು ಗಂಟೆಯಾಗಿತ್ತು. ನೆಟ್ಟಗೆ ನಿಲ್ಲಲು ಅವರಿಗೆ ಗೋಡೆ ಬೇಕಾಯಿತು.

ಇಷ್ಟನ್ನು ಕಣ್ಣಾರೆ ಕಂಡವನು ನಾನು. ಆದರೂ ಆ ಭಾನುವಾರ ಸಮಿತಿಯ ಮುಂದೆ ಬಾಯಿ ಬಿಡಲಿಲ್ಲ. "ಕಡಿಮೆಗೆ ಮಾಡುವವರು ನಮ್ಮೂರಲ್ಲೇ ಸಿಕ್ಕುತ್ತಾರೆ" ಎಂದರು ಒಬ್ಬರು. ನೋಡೋಣ ಎಂದೆ. ಎಂಟು ವಾರ ಕಳೆಯಿತು, ಹತ್ತಾಯಿತು. ಕೊನೆಗೆ ಎತ್ತಿಗೆ ಲಾಳ ಹೊಡೆಯುವ ನಮ್ಮವರೊಬ್ಬರನ್ನು ಕರೆಸಿದೆ. ಅವರು ಅವಳನ್ನು ದೂರದಿಂದಲೇ ನೋಡಿ, "ಸ್ವಾಮಿ, ಕುದುರೆ ನನಗೆ ರೂಢಿ ಇಲ್ಲ, ಬೇಡ" ಎಂದರು. ನಾನು ಬಿಡಲಿಲ್ಲ. "ಲಾಳ ಲಾಳವೇ ತಾನೇ" ಎಂದೆ. ಪೂಜೆ ಅರ್ಪಿಸುವ ಸ್ವಾಮಿಯೇ ಹೇಳುವಾಗ ಆ ಮನುಷ್ಯ ಎಷ್ಟೆಂದು ಬೇಡವೆಂದಾರು? ಹಿಂಜರಿಯುತ್ತಲೇ ಕಟ್ಟಿದರು. 600 ರೂಪಾಯಿ. 1,800 ಉಳಿಯಿತೆಂದು ಖಜಾಂಚಿಯವರಿಗೆ ಅಂದೇ ಫೋನ್ ಮಾಡಿದೆ.

ನಾಲ್ಕನೆಯ ದಿನ ಚುಕ್ಕಿ ಬಲಮುಂಗಾಲನ್ನು ನೆಲಕ್ಕೆ ಊರಲಿಲ್ಲ. ಪಶುವೈದ್ಯರು ಬಂದು ಗೊರಸನ್ನು ಮುಟ್ಟಿ, ಬಿಸಿಯಾಗಿದೆ ಎಂದರು. ಒಂದು ಮೊಳೆ ಕಿತ್ತಾಗ ಅದರ ಹಿಂದೆಯೇ ಕಪ್ಪು ಕೀವು ಹರಿಯಿತು. ಕುದುರೆಗೆ ಧನುರ್ವಾಯು ಬಲುಬೇಗ ತಗಲುವುದರಿಂದ ಮೊದಲು ಅದಕ್ಕೆ ಚುಚ್ಚುಮದ್ದು. ನಂತರ ದಿನವೂ ಎಪ್ಸಮ್ ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ ಪಟ್ಟಿ ಕಟ್ಟಬೇಕು. ಔಷಧಿ, ವೈದ್ಯರ ಓಡಾಟ ಎಲ್ಲ ಸೇರಿ 6,000 ಮೀರಿತು. ಅದಾದರೂ ಲೆಕ್ಕ. ಹತ್ತು ವರ್ಷದ ಒಬ್ಬ ಹುಡುಗನಿದ್ದಾನೆ. ಮಾತು ಬರುವುದಿಲ್ಲ, ಅವಳ ಕುತ್ತಿಗೆಗೆ ಮುಖವೊತ್ತಿ ಕೂತರೆ ಮಾತ್ರ ಅವನ ಕೈಬೆರಳು ಬಿಡಿಸಿಕೊಳ್ಳುತ್ತಿದ್ದವು. ಐದು ವಾರ ಅವನನ್ನು ಲಾಯದ ಬಾಗಿಲವರೆಗೆ ಮಾತ್ರ ಕರೆದುಕೊಂಡು ಹೋಗುತ್ತಿದ್ದರು. ಅವನು ಅಲ್ಲಿ ನನ್ನನ್ನೇ ನೋಡುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ನಾನು ಬೇರೆ ಕಡೆ ನೋಡುತ್ತಿದ್ದೆ.

ಎತ್ತಿನ ಲಾಳದವರು ಎರಡು ಸಲ ಬಂದು ಕೈಮುಗಿದು ನಿಂತರು. ತಪ್ಪು ನಿಮ್ಮದಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಚಾಚಾರಿಗೆ ಫೋನ್ ಮಾಡುವುದು ನಾನು ಮಾಡಿದ ಪಾಪನಿವೇದನೆಗಳಲ್ಲೇ ಕಷ್ಟದ್ದು. ಅವರು ಏನೂ ಅನ್ನದೆ ಮರುದಿನವೇ ಬಂದರು. ಗಾಯ ನೋಡಿ, ಉಳಿದ ಮೂರು ಲಾಳಗಳನ್ನೂ ಕಿತ್ತು ಪಕ್ಕಕ್ಕಿಟ್ಟರು. "ಇವಳಿಗೆ ಇನ್ನು ಲಾಳ ಬೇಡ ಸಾಮಿ. ಟಾರು ರಸ್ತೆಗೆ ಹೋಗಲ್ಲ, ಓಡಲ್ಲ. ಮಣ್ಣಲ್ಲಿ ಮಕ್ಕಳನ್ನ ಹೊತ್ತು ನಡೀತಾಳೆ. ಸವರಿದ್ರೆ ಸಾಕು. 800 ಕೊಡಿ."

ನಾನು ಬೆಪ್ಪಾಗಿ, ಇದನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ಬಂದ ಹೊಸದರಲ್ಲಿ ರೇಸಿನ ಮೊಳೆಗಳಿಂದ ಗೊರಸಿನ ಗೋಡೆ ಪುಡಿಪುಡಿಯಾಗಿತ್ತಂತೆ, ಆಗ ಬಿಚ್ಚಿದ್ದರೆ ನಡೆಯುತ್ತಿರಲಿಲ್ಲವಂತೆ. ಮೇಲಿನಿಂದ ಕೆಳಗಿನವರೆಗೆ ಹೊಸ ಗೊರಸು ಇಳಿಯಲು ವರ್ಷ ಬೇಕು. ಈಗ ಇಳಿದಿದೆ. "ಅದೂ ಅಲ್ಲದೆ ನೀವು ರೇಟು ಎಷ್ಟು ಅಂತ ಕೇಳಿದ್ರಿ. ಬೇಕಾ ಬೇಡ್ವಾ ಅಂತ ಕೇಳಲಿಲ್ಲ."

ಅಂದು ಚಹಾ ಕುಡಿಯುತ್ತ ಮೊದಲ ಬಾರಿಗೆ ಅವರ ಕೈ ನೋಡಿದೆ. ಬಲಹೆಬ್ಬೆರಳು ಮಡಿಚುವುದಿಲ್ಲ. ಒಮ್ಮೆ ಒದೆ ಬಿದ್ದು ಎರಡು ಪಕ್ಕೆಲುಬು ಮುರಿದು, ಮೂರು ತಿಂಗಳು ಮಲಗಿದ್ದರಂತೆ. ಆ ಮೂರು ತಿಂಗಳಿಗೆ ಯಾರೂ ಕೂಲಿ ಕೊಡಲಿಲ್ಲ. ಸೈನ್ಯದ ಪಶುವೈದ್ಯ ದಳದಲ್ಲಿ ಈ ಕೆಲಸಕ್ಕೆಂದೇ ಸೈನಿಕರಿದ್ದಾರೆ, ಅವರಿಗೆ ಸಂಬಳವಿದೆ, ಪಿಂಚಣಿಯಿದೆ. ಬೈಕಿನಲ್ಲಿ ಅಡಿಗಲ್ಲು ಕಟ್ಟಿಕೊಂಡು ಬರುವವರಿಗೆ ಆ 2,000 ರೂಪಾಯಿಯೇ ಸಂಬಳ, ಆಸ್ಪತ್ರೆ, ಪಿಂಚಣಿ. ಒಬ್ಬ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಯಾಬ್ ಓಡಿಸುತ್ತಾನೆ, ಇನ್ನೊಬ್ಬನಿಗೆ ಮೊಬೈಲ್ ಅಂಗಡಿ. ಇಬ್ಬರಿಗೂ ಸುತ್ತಿಗೆ ಬೇಡ.

ನಮ್ಮ ಸಂತರಲ್ಲಿ ಲಾಳ ಕಟ್ಟುವವರಿಗೂ ಒಬ್ಬ ಪಾಲಕರಿದ್ದಾರೆ, ಏಳನೆಯ ಶತಮಾನದ ಸಂತ ಎಲಿಜಿಯುಸ್. ಡಿಸೆಂಬರ್ 1 ಅವರ ಹಬ್ಬ. ಅಕ್ಕಸಾಲಿಗರಾಗಿದ್ದು ಮುಂದೆ ಧರ್ಮಾಧ್ಯಕ್ಷರಾದವರು. ತಂಟೆಕೋರ ಕುದುರೆಯೊಂದರ ಕಾಲನ್ನೇ ಬಿಡಿಸಿ ತೆಗೆದು, ಆರಾಮವಾಗಿ ಲಾಳ ಕಟ್ಟಿ, ಮತ್ತೆ ಅಂಟಿಸಿದರೆಂದು ಐತಿಹ್ಯ. ಇದನ್ನು ಚಾಚಾರಿಗೆ ಹೇಳಿದೆ. ಅವರು ತುಂಬಾ ಹೊತ್ತು ಯೋಚಿಸಿ, "ಹಂಗಾದ್ರೆ ಅವರಿಗೆ ಸೊಂಟನೋವು ಇರಲಿಲ್ಲ" ಎಂದರು.

ಈಗ ಏಳು ವಾರಕ್ಕೊಮ್ಮೆ ಬರುತ್ತಾರೆ. ಕಳೆದ ಸಲ ನಾನು ಹೇಳಿಕಳಿಸಿದ್ದರಿಂದ ಎತ್ತಿನ ಲಾಳದವರೂ ಬಂದು ದೂರ ನಿಂತಿದ್ದರು. ಚಾಚಾ ಎರಡು ಕಾಲು ಮುಗಿಸಿ, ಬೆನ್ನು ಹಿಡಿದುಕೊಂಡು, ಅರವನ್ನು ಅವರ ಕೈಗೆ ಕೊಟ್ಟರು. ಆ ಮನುಷ್ಯ ಬೆದರಿ ನನ್ನ ಮುಖ ನೋಡಿದರು. ಈ ಸಲ ನಾನು ಏನೂ ಹೇಳಲಿಲ್ಲ. ಚಾಚಾ ಕಾಲನ್ನು ಹಿಡಿದೇ ಇದ್ದರು. ಇವರು ಒಂದೊಂದೇ ಎಳೆತ ಎಳೆದು, ನಿಲ್ಲಿಸಿ, ಕೇಳಿ, ಮತ್ತೆ ಎಳೆದರು. ಹುಡುಗ ಚುಕ್ಕಿಯ ಮೇಲೆಯೇ ಕೂತಿದ್ದ, ಇಳಿಸಲು ಬಿಡಲಿಲ್ಲ.

ಎಷ್ಟು ಕೊಡಲಿ ಎಂದು ಕೇಳಿದೆ. "ನನಗೆ 800. ಅವರಿಗೂ ಏನಾದ್ರೂ ಕೊಡಿ ಸಾಮಿ, ಕಲಿಯೋವಾಗಲೂ ಸೊಂಟ ನೋಯುತ್ತೆ" ಎಂದರು. ಇಬ್ಬರಿಗೂ 800 ಕೊಟ್ಟು, ಪುಸ್ತಕದಲ್ಲಿ ಒಂದರ ಕೆಳಗೊಂದು ಎರಡು ಸಾಲು ಬರೆದೆ. ಬರುವ ಎರಡನೇ ಭಾನುವಾರ ಖಜಾಂಚಿಯವರು ಆ ಎರಡನೆಯ ಸಾಲನ್ನು ಓದುತ್ತಾರೆ. ಬೋಂಡದ ತಟ್ಟೆಯನ್ನು ಅವರ ಕೈಗೆಟಕುವಷ್ಟು ಹತ್ತಿರ ಇಡುವಂತೆ ಅಡುಗೆಯವರಿಗೆ ಹೇಳಿದ್ದೇನೆ.