ಬಾದಾಮ್‌ಗೆ ಜೊತೆ ಬೇಕೆ?

ಪಕ್ಕದ ಮನೆಯ ಟೀಚರಮ್ಮನ ನಾಯಿ 2025ರ ಜನವರಿ ನಡುವಿನಲ್ಲಿ ನಾಲ್ಕು ಮರಿ ಹಾಕಿತು. ಕಣ್ಣು ಬಿಡುವ ಮೊದಲೇ ಮೂರಕ್ಕೆ ಮನೆ ಗೊತ್ತಾಯಿತು. ಉಳಿದ ಒಂದು ಹೆಣ್ಣುಮರಿಯನ್ನು ಅವರು ನಮಗೆಂದೇ ಎತ್ತಿಟ್ಟಿದ್ದರು. "ನಿಮ್ಮ ಬಾದಾಮ್‌ಗೆ ಜೊತೆಯಾಗುತ್ತೆ ಕಣ್ರೀ. ಎರಡು ತಿಂಗಳು ತುಂಬಲಿ, ಆಮೇಲೆ ತಗೊಂಡು ಹೋಗಿ. ಅಷ್ಟರಲ್ಲಿ ಮನೇಲಿ ಮಾತಾಡಿಕೊಳ್ಳಿ" ಎಂದು ಕಾಂಪೌಂಡಿನ ಆಚೆಯಿಂದಲೇ ಹೇಳಿದರು.

ಮನೆಯಲ್ಲಿ ಮಾತಾಡಿಕೊಳ್ಳುವುದು ಅಷ್ಟು ಸುಲಭವಾಗಿರಲಿಲ್ಲ. ಮುಸ್ಲಿಮರ ಮನೆಯಲ್ಲಿ ಒಂದು ನಾಯಿ ಇರುವುದೇ ದೊಡ್ಡ ಸುದ್ದಿ. ಎರಡು ಎಂದರೆ ಬಂಧು ಬಳಗವೆಲ್ಲ ಪಂಚಾಯಿತಿಗೆ ಕೂರುತ್ತದೆ.

ಬಾದಾಮ್ ನಮ್ಮ ಮನೆಗೆ ಬಂದದ್ದು 2013ರಲ್ಲಿ. ಆ ವರ್ಷ ಅರಸೀಕೆರೆಯ ನಮ್ಮ ಬೀದಿಯಲ್ಲಿ ಎರಡು ಮೂರು ಮನೆಗಳ ಹಿತ್ತಲಿಗೆ ಕಳ್ಳರು ನುಗ್ಗಿದ್ದರು. ನಮ್ಮ ಮನೆಯಿಂದ ಅಜ್ಜಿಯ ಕಾಲದ ತಾಮ್ರದ ಹಂಡೆ ಮತ್ತು ಒಂದು ಗ್ಯಾಸ್ ಸಿಲಿಂಡರ್ ಹೋದವು. ಅದನ್ನೇ ನೆಪ ಮಾಡಿಕೊಂಡು ನಮ್ಮ ಯಜಮಾನರು ಒಂದು ಸಂಜೆ ರಟ್ಟಿನ ಪೆಟ್ಟಿಗೆಯಲ್ಲಿ ಕಾವಲುಗಾರನನ್ನು ತಂದರು. ಬಾದಾಮಿಯ ಬಣ್ಣ, ನರಿಯ ಮೂತಿ, ಅಂಗೈಯಗಲದ ದೇಹ. ಊರಿನವರೆಲ್ಲ ಇದನ್ನು ಪಾಮೇರಿಯನ್ ಎನ್ನುತ್ತಾರೆ. ನಮ್ಮ ಕಡೆ ಆ ಹೆಸರಿನಲ್ಲಿ ಓಡಾಡುವವು ಬಹುಪಾಲು ಇಂಡಿಯನ್ ಸ್ಪಿಟ್ಜ್ ಎಂದು ಆಮೇಲೆ ತಿಳಿಯಿತು. ಬೆಳೆದು ನಿಂತಾಗಲೂ ಆರು ಕಿಲೋ ದಾಟಲಿಲ್ಲ. ಕಳ್ಳ ಬಂದರೆ ಎತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದಾದ ಕಾವಲುಗಾರ!

ಮಾವನವರು ಮಸೀದಿಯ ಹಜರತರ ಬಳಿ ವಿಚಾರಿಸಿದರು. ಬೇಟೆಗೆ, ಮಂದೆಗೆ, ಹೊಲಕ್ಕೆ ನಾಯಿ ಸಾಕಲು ಹದೀಸಿನಲ್ಲೇ ಅವಕಾಶವಿದೆ. ಮನೆ ಕಾವಲನ್ನೂ ಅದರ ಜೊತೆಗೇ ಸೇರಿಸಿ ಒಪ್ಪಿದ ಉಲಮಾಗಳಿದ್ದಾರೆ. ಯಾವ ಅಗತ್ಯವೂ ಇಲ್ಲದೆ ಸುಮ್ಮನೆ ಸಾಕಿದರೆ ಮಾತ್ರ ದಿನದಿನದ ಪುಣ್ಯದಲ್ಲಿ ಕಡಿತವಾಗುತ್ತದೆ ಎಂದರಂತೆ. ನಮಾಜಿನ ಜಾಗಕ್ಕೆ ಬಿಡಬೇಡಿ, ಬಾಯಿ ಹಾಕಿದ ಪಾತ್ರೆಯನ್ನು ಸರಿಯಾಗಿ ತೊಳೆಯಿರಿ ಎಂದೂ ಸೇರಿಸಿದರಂತೆ. ಮಾವ ಬಂದು ಇಷ್ಟನ್ನೂ ಒಪ್ಪಿಸಿದರು. ಮಸ್ಲಾ ಗಂಡಸರ ನಡುವೆಯೇ ತೀರ್ಮಾನವಾಯಿತು. ಪಾತ್ರೆ ತೊಳೆಯುವ ಕೆಲಸ ನನಗೂ ಅತ್ತೆಗೂ ಬಂತು.

ನಾನು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡಕ್ಕೆ ಬಂದವಳು. ಎರಡೂ ಭಾಷೆ ನನಗೆ ಧಾರಾಳವಾಗಿ ನಾಯಿಗಳನ್ನು ಕೊಟ್ಟಿವೆ. ಪತ್ರಸ್ ಬುಖಾರಿಯವರ 'ಕುತ್ತೆ' ಪ್ರಬಂಧದಲ್ಲಿ ರಾತ್ರಿಯಿಡೀ ಮುಷಾಯಿರಾ ನಡೆಸುವ ಬೀದಿನಾಯಿಗಳಿಗೆ ನಕ್ಕಿದ್ದೇನೆ. ಮಂಟೋನ ಟೇಟ್ವಾಲ್‌ನ ನಾಯಿ ಎರಡು ಸೈನ್ಯಗಳ ನಡುವೆ ಸಿಕ್ಕಿ ಸತ್ತದ್ದನ್ನು ಓದಿ ಊಟ ಬಿಟ್ಟಿದ್ದೇನೆ. ಕನ್ನಡಕ್ಕೆ ಬಂದ ಮೇಲೆ ತೇಜಸ್ವಿಯವರ ಕಿವಿ ಸಿಕ್ಕಿತು. ಆದರೆ ತವರಿನಲ್ಲಿ ನಾಯಿ ಗೇಟು ದಾಟಿದ್ದಿಲ್ಲ. ಪುಸ್ತಕದಲ್ಲಿ ಅಷ್ಟೊಂದು ಪ್ರೀತಿಸಿದ ಪ್ರಾಣಿಯನ್ನು ಬೆರಳಿನಿಂದ ಮುಟ್ಟಿದ್ದು ಮೂವತ್ತೈದನೆಯ ವಯಸ್ಸಿನಲ್ಲಿ.

ಬಂಧುಗಳು ಬಹಳ ದಿನ ಕ್ಷಮಿಸಲಿಲ್ಲ. ನಾಯಿಯಿರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂದು ಬಂದವರೆಲ್ಲ ನೆನಪಿಸಿದರು. ನಾದಿನಿ ತನ್ನ ನೀರಿನ ಬಾಟಲಿ ತರತೊಡಗಿದಳು. ಮಂಗಳೂರು ಕಡೆಯ ಒಬ್ಬ ಬ್ಯಾರಿ ಗೆಳತಿ ಮಾತ್ರ ಏನೂ ಉಪದೇಶ ಮಾಡದೆ ಕಾಲೆರಡನ್ನೂ ಸೋಫಾದ ಮೇಲೆ ಮಡಿಚಿ ಕುಳಿತು ನಮ್ಮ ಮನೆಯ ಬಿರಿಯಾನಿ ತಿಂದಳು. ಶಾಫಿ ಮಜ್‌ಹಬಿನಲ್ಲಿ ಒದ್ದೆ ನಾಯಿ ತಾಗಿದರೂ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಹನಫಿಗಳಾದ ನಮಗೆ ತಕರಾರು ಜೊಲ್ಲಿನದು ಮಾತ್ರ, ಒಣ ಮೈಯದಲ್ಲ. "ನಿಮ್ಮದು ಸಲೀಸು ಕಣೇ. ನನಗೆ ಇವನು ಮೂಸಿದರೆ ಮಂಗಳೂರಿನವರೆಗೂ ಮಣ್ಣು ಹುಡುಕಬೇಕು" ಎಂದು ನಕ್ಕಳು. ಮರುವರ್ಷವೂ ಬಂದಳು, ಕಾಲು ಮಡಿಚಿಯೇ ಕುಳಿತಳು. ನನಗೆ ಅದು ಇಷ್ಟವಾಯಿತು.

ಎಲ್ಲರಿಗಿಂತ ಹೆಚ್ಚು ವಿರೋಧವಿದ್ದದ್ದು ಅತ್ತೆಯವರಿಗೆ. ನಾವೆಲ್ಲ ಅವರನ್ನು ಅಮ್ಮಾಜಿ ಎನ್ನುತ್ತೇವೆ. ಐದು ವರ್ಷ ಅವರು ಬಾದಾಮ್‌ನನ್ನು ಹೆಸರು ಹಿಡಿದು ಕರೆಯಲಿಲ್ಲ. "ಅದು" ಎನ್ನುತ್ತಿದ್ದರು. ಊರುಗೋಲಿನಿಂದ ನೆಲ ಕುಟ್ಟಿ, ತಮ್ಮ ಕೋಣೆಯ ಹೊಸ್ತಿಲು ಅದರ ಗಡಿ ಎಂದು ಕಲಿಸಿದ್ದರು. ಅಷ್ಟು ಚೆನ್ನಾಗಿ ನಾವು ಯಾರೂ ಅವನಿಗೆ ಏನನ್ನೂ ಕಲಿಸಲಿಲ್ಲ.

2018ರಲ್ಲಿ ಮಾವ ತೀರಿಕೊಂಡರು. ಅಮ್ಮಾಜಿ ಇದ್ದತ್‌ಗೆ ಕುಳಿತರು. ನಾಲ್ಕು ತಿಂಗಳು ಹತ್ತು ದಿನ. ಜಿಯಾರತ್ ಮುಗಿಯಿತು, ನಲವತ್ತು ಮುಗಿಯಿತು, ಬಂದವರೆಲ್ಲ ಅವರವರ ಊರಿಗೆ ಹೋದರು. ನಮ್ಮವರು ಅಂಗಡಿಗೆ, ನಾನು ಶಾಲೆಗೆ, ಮಗಳು ಅವಳ ಶಾಲೆಗೆ. ಹಗಲಿಡೀ ಮನೆಯಲ್ಲಿ ಉಳಿಯುತ್ತಿದ್ದವರು ಅಮ್ಮಾಜಿ ಮತ್ತು ಬಾದಾಮ್. ಅವನು ಬೆಳಗ್ಗೆ ಆ ಕೋಣೆಯ ಹೊಸ್ತಿಲಿಗೆ ಬಂದು, ಮುಂಗಾಲು ಚಾಚಿ ಮಲಗಿದರೆ ಸಂಜೆ ನಾನು ಬರುವವರೆಗೆ ಏಳುತ್ತಿರಲಿಲ್ಲ. ಉಗುರು ಕೂಡ ಒಳಗೆ ಇಡಲಿಲ್ಲ. ಅಮ್ಮಾಜಿ ಪ್ರತಿ ಜುಮಾದಂದು ಸೂರ ಕಹಫ್ ಓದುವವರು. ಗುಹೆಯೊಳಗೆ ನಿದ್ದೆಹೋದ ಆ ಯುವಕರ ನಾಯಿಯೂ ಹೊಸ್ತಿಲಲ್ಲಿ ಮುಂಗಾಲು ಚಾಚಿಯೇ ಮಲಗಿತ್ತೆಂದು ಅದರಲ್ಲಿದೆ. ಅವರನ್ನು ಎಣಿಸುವಾಗಲೆಲ್ಲ ನಾಯಿಯನ್ನೂ ಸೇರಿಸಿ ಎಣಿಸಲಾಗಿದೆ. ಒಂದು ಶುಕ್ರವಾರ ಅವರು ಕುರ್‌ಆನ್ ಮುಚ್ಚಿ, ಕನ್ನಡಕ ತೆಗೆದು, ಬಹಳ ಹೊತ್ತು ಬಾಗಿಲ ಕಡೆ ನೋಡುತ್ತ ಕುಳಿತಿದ್ದನ್ನು ನಾನು ಕಂಡೆ. ಏನೂ ಹೇಳಲಿಲ್ಲ. ಆ ವಾರದಿಂದ ರೊಟ್ಟಿಯ ಮೇಲಿನ ಪದರ ಅವನಿಗೆ ಹೋಗತೊಡಗಿತು. ಇಶಾ ನಮಾಜ್ ಮುಗಿಸಿದ ಮೇಲೆ ಒಂದೇ ಒಂದು ಸಲ ಅವನ ನೆತ್ತಿ ಸವರಿ, ಕೈ ತೊಳೆದುಕೊಂಡು ಮಲಗುವ ಪದ್ಧತಿ ಅಂದಿನಿಂದ ಇಂದಿನವರೆಗೆ ನಡೆದಿದೆ.

ಈಗ ಎರಡನೆಯದರ ಮಾತು. ಅದಕ್ಕೆ ಒತ್ತಾಯ ಮಾಡುತ್ತಿದ್ದವಳು ಮೈಸೂರಿನ ಹಾಸ್ಟೆಲಿನಲ್ಲಿದ್ದ ಮಗಳು. ಅವಳ ವಾದ ಹೀಗಿತ್ತು: ಬಾದಾಮ್‌ಗೆ ಹನ್ನೆರಡು ವರ್ಷ. ಇಂಥ ಸಣ್ಣ ನಾಯಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ಅವನು ಹೋದ ದಿನ ದಾದಿಮಾ ಆ ಹೊಸ್ತಿಲನ್ನು ಹೇಗೆ ನೋಡುತ್ತಾರೆ? ಅವನಿರುವಾಗಲೇ ಮರಿ ಬಂದರೆ ಅದು ಅವನನ್ನು ನೋಡಿ ಕಲಿಯುತ್ತದೆ, ಮನೆ ಒಮ್ಮೆಲೇ ಖಾಲಿಯಾಗುವುದಿಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದವನನ್ನು ಅಲ್ಲಾಹನು ಕ್ಷಮಿಸಿದ ಹದೀಸನ್ನೂ ಫೋನಿನಲ್ಲಿ ಹೇಳಿದಳು. ಅಮ್ಮಾಜಿ ಸ್ಪೀಕರಿನಲ್ಲಿ ಕೇಳಿಸಿಕೊಂಡು, "ನೀರು ಕುಡಿಸು ಅಂತ ಇದೆ. ಹಾಸಿಗೆ ಹಾಸು ಅಂತ ಎಲ್ಲಿದೆ ಬೇಟಿ?" ಎಂದರು.

ಆಮೇಲೆ ನನ್ನ ಕಡೆ ತಿರುಗಿ ಇನ್ನೊಂದು ಮಾತು ಕೇಳಿದರು. "ಒಂದು ತಂದಾಗ ಕಾವಲಿಗೆ ಅಂದಿರಿ. ಅಲ್ಲಾಹನಿಗೆ ಗೊತ್ತಿತ್ತು, ಆದರೂ ಅಂದಿರಿ. ಈಗ ಎರಡನೆಯದಕ್ಕೆ ಏನಂತೀರಿ? ಒಂದು ಮನೆಗೆ ಎಷ್ಟು ಜನ ಕಾವಲುಗಾರರು ಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ಮೊದಲ ನಾಯಿ ನೆಪದ ಬೆನ್ನೇರಿ ಬಂದಿತ್ತು. ಆಮೇಲೆ ಅದು ನೆಪವನ್ನು ಬಿಟ್ಟು ಮನೆಯದಾಯಿತು. ಎರಡನೆಯದನ್ನು ತರುವವರು ನೆಪವಿಲ್ಲದೆ, ಕಣ್ಣು ತೆರೆದುಕೊಂಡೇ ತರಬೇಕು. ನಮ್ಮವರನ್ನು ಕೇಳಿದರೆ, "ನೀವೇ ನೋಡಿಕೊಳ್ಳಿ" ಎಂದು ಪೇಪರ್ ಬಿಡಿಸಿದರು. 2013ರ ಧೈರ್ಯ ಎಲ್ಲಿ ಹೋಯಿತೋ!

ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಬಾದಾಮ್‌ನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರನ್ನೇ ಕೇಳಿದೆ. ಆತ ಕಿರಿಯ, ತಾಳ್ಮೆಯವನು. ಬಾದಾಮ್‌ನ ಎಡಗಣ್ಣಿಗೆ ಪೊರೆ ಬಂದಿದೆ, ಹಿಂಗಾಲಿನ ಮಂಡಿಚಿಪ್ಪು ಆಗಾಗ ಜಾರುತ್ತದೆ, ಸಣ್ಣ ನಾಯಿಗಳಲ್ಲಿ ಇದು ಸಾಮಾನ್ಯ ಎಂದ. ಎರಡನೆಯ ನಾಯಿಯ ಬಗ್ಗೆ ಹೇಳಿದ್ದನ್ನು ನೆನಪಿರುವಷ್ಟು ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲನೆಯದಕ್ಕೆ ಎರಡು ವರ್ಷವಾದರೂ ತುಂಬಿ, ಕರೆದರೆ ಬರುವ, ಹೊರಗೆ ಹೋಗಿಯೇ ಮೂತ್ರ ಮಾಡುವ ಬುದ್ಧಿ ಕೂತಿರಬೇಕು. ಇಲ್ಲದಿದ್ದರೆ ಅದರ ಕೆಟ್ಟ ಅಭ್ಯಾಸಗಳನ್ನೇ ಮರಿ ಕಲಿಯುತ್ತದೆ. ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತಂದರೆ ಅವು ಒಂದಕ್ಕೊಂದು ಅಂಟಿಕೊಂಡು, ಮನುಷ್ಯರ ಮಾತು ಕೇಳುವುದು ಕಷ್ಟವಾಗುತ್ತದೆ. ಗಂಡಿಗೆ ಹೆಣ್ಣು ಜೊತೆ ಸಾಮಾನ್ಯವಾಗಿ ಹೊಂದುತ್ತದೆ, ಆದರೆ ಆಪರೇಷನ್ ಮಾಡಿಸಬೇಕು. ಮೊದಲ ಭೇಟಿ ಹಳೆಯ ನಾಯಿಯ ಮನೆಯಲ್ಲಿ ಬೇಡ, ಹೊರಗೆಲ್ಲಾದರೂ ಆಗಲಿ. ತಟ್ಟೆ ಬೇರೆ, ಮಲಗುವ ಮೂಲೆ ಬೇರೆ. ಮರಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುವಾದರೆ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮುಂದುವರಿಸಬೇಕು. ಅಲ್ಲಿಯವರೆಗೆ ಬೀದಿಗೆ ಬಿಟ್ಟರೆ ಪಾರ್ವೋ ಭಯ.

"ಇವನ ವಿಷಯದಲ್ಲಿ?" ಎಂದೆ.

"ಮೇಡಂ, ಇವನಿಗೆ ಮೂರೋ ನಾಲ್ಕೋ ವರ್ಷವಿದ್ದಾಗ ಕೇಳಿದ್ದರೆ ಕಣ್ಣುಮುಚ್ಚಿ ಹೂಂ ಅಂತಿದ್ದೆ. ಈಗ ಇವನನ್ನೇ ಕೇಳಿ ನೋಡಿ."

ವಾಪಸ್ಸು ಬರುವಾಗ ರೈಲಿನಲ್ಲಿ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಬಾದಾಮ್‌ಗೆ ಮೂರು ನಾಲ್ಕು ವರ್ಷವಿದ್ದದ್ದು 2016, 2017ರಲ್ಲಿ. ಆಗ ಮಗಳು ದಿನವೂ ಕೇಳುತ್ತಿದ್ದಳು. ಅವನು ಗೇಟಿನಲ್ಲಿ ನಿಂತು ಬೀದಿಯ ನಾಯಿಗಳು ಆಡುವುದನ್ನು ನೋಡಿ ಕುಂಯ್‌ಗುಡುತ್ತಿದ್ದ. ಆಗ ನಾವು ಸುಮ್ಮನಿದ್ದದ್ದು ಧರ್ಮಕ್ಕೆ ಹೆದರಿಯಲ್ಲ, ನಾದಿನಿಯ ನೀರಿನ ಬಾಟಲಿಗೆ ಹೆದರಿ. ಈಗ ಬಂಧುಗಳಿಗೆ ಅಭ್ಯಾಸವಾಗಿದೆ, ಬಾಟಲಿ ಬರುವುದು ನಿಂತಿದೆ, ನಮಗೆ ಧೈರ್ಯ ಬಂದಿದೆ. ಆದರೆ ನಾಯಿಗೆ ವಯಸ್ಸಾಗಿದೆ. ಈಗ ತರುವ ಮರಿ ಅವನಿಗೆ ಜೊತೆ ಎಂದು ಹೇಳಿಕೊಂಡರೂ ನಿಜದಲ್ಲಿ ಅದು ನಮಗೆ, ಮುಂದೆ ಬರಲಿರುವ ಒಂದು ದಿನಕ್ಕೆ ಈಗಲೇ ಕೊಂಡಿಟ್ಟ ಔಷಧಿ. ಕಾವಲು ಎಂಬ ಹಳೆಯ ನೆಪದ ಜಾಗದಲ್ಲಿ ಜೊತೆ ಎಂಬ ಹೊಸ ನೆಪ.

ಆದರೂ ಅವನನ್ನೇ ಕೇಳಿ ನೋಡೋಣವೆಂದು ರಂಜಾನಿಗೆ ಒಂದು ವಾರ ಮೊದಲು, ಒಂದು ಭಾನುವಾರ, ಟೀಚರಮ್ಮನ ತೆಂಗಿನ ಹಿತ್ತಲಿಗೆ ಕರೆದುಕೊಂಡು ಹೋದೆವು. ಮಗಳು ಮೈಸೂರಿನಿಂದ ಬಂದಿದ್ದಳು. ಅಮ್ಮಾಜಿಯೂ ಸುಮ್ಮನೆ ನೋಡಲು ಎಂದು ಹೇಳಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಮರಿಗೆ ಐದೂವರೆ ವಾರ. ಹತ್ತಿಯ ಉಂಡೆಗೆ ಎರಡು ಕಪ್ಪು ಗುಂಡಿ ಹೊಲಿದ ಹಾಗಿತ್ತು. ನನಗೂ ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಬಾದಾಮ್ ಮೂಸಿದ. ಬಾಲ ಎರಡು ಸಲ ಅಲ್ಲಾಡಿಸಿದ. ಮಗಳ ಮುಖ ಅರಳಿತು. ಅಷ್ಟರಲ್ಲಿ ಮರಿ ಅವನ ಎಡಗಡೆಯಿಂದ, ಪೊರೆ ಬಂದ ಕಣ್ಣಿನ ಕಡೆಯಿಂದ, ಹಾರಿ ಕಿವಿ ಕಚ್ಚಿತು. ಅದಕ್ಕೆ ಆಟ. ಅವನಿಗೆ ಎಲ್ಲಿಂದಲೋ ಬಂದ ಏಟು. ಒಮ್ಮೆ ಕಿರುಚಿ, ಗಾಳಿಗೆ ಹಲ್ಲು ಬಡಿದು, ತಿರುಗುವ ಭರದಲ್ಲಿ ಮಂಡಿ ಜಾರಿ ಕುಸಿದ. ಮರಿ ಮತ್ತೆ ಹಾರಿತು. ಅವನು ಮೂರು ಕಾಲಲ್ಲಿ ಕುಂಟುತ್ತ ಬಂದು ಅಮ್ಮಾಜಿಯ ಕುರ್ಚಿಯ ಕೆಳಗೆ ತೂರಿಕೊಂಡ. ಅವನ ನಡುಕಕ್ಕೆ ಕುರ್ಚಿಯ ಕಾಲು ಸಣ್ಣಗೆ ಕಟಕಟ ಎನ್ನುತ್ತಿತ್ತು. ಅಸರ್ ನಮಾಜಿಗೆ ವುಜೂ ಮಾಡಿಕೊಂಡೇ ಬಂದಿದ್ದ ಅಮ್ಮಾಜಿ, ಸಂಜೆಯ ಬೆಳಕಿರುವಾಗಲೇ, ಕೈ ಕೆಳಗೆ ಬಿಟ್ಟು ಅವನ ನೆತ್ತಿಯ ಮೇಲಿಟ್ಟರು.

"ನಕ್ಕೋ" ಎಂದರು. "ಇವನ ಮುಪ್ಪು ಇವನಿಗೆ ಇರಲಿ ಬಿಡಿ. ನಾನು ಎಪ್ಪತ್ತಾರು ದಾಟಿದವಳು, ನನಗೆ ಗೊತ್ತು. ಮನೆ ತುಂಬ ಮೊಮ್ಮಕ್ಕಳು ಬಂದಾಗ ಸಂತೋಷವೇ. ಸಂಜೆಗೆ ಹೊರಟು ಹೋಗ್ತಾರೆ ಅನ್ನೋದು ಗೊತ್ತಿರೋದರಿಂದ ಸಂತೋಷ."

ಮಗಳು ಅತ್ತಳು. ಮರಿಯನ್ನು ಹಿಂಬದಿಯ ವರಾಂಡದಲ್ಲಿ ಬೇರೆಯಾಗಿ ಕಟ್ಟಬಹುದು, ದೊಡ್ಡದಾದ ಮೇಲೆ ತಣ್ಣಗಾಗುತ್ತದೆ ಎಂದಳು. ಸಣ್ಣ ಮರಿಗೆ ರಾತ್ರಿಯಲ್ಲೂ ಎರಡು ಮೂರು ಸಲ ಏಳಬೇಕು. ಸಹರಿಗೆ ಅಡುಗೆ ಮಾಡಿ, ಫಜರ್ ನಂತರ ಒಂದು ಗಂಟೆ ಕಣ್ಣು ಮುಚ್ಚಿ, ಎಂಟೂವರೆಗೆ ಶಾಲೆಗೆ ಓಡುವವಳು ನಾನು. ಅದನ್ನು ಹೇಳಿದೆ. ನನಗೀಗ ನಲವತ್ತೇಳು, ಈ ಮರಿ ಮುದಿಯಾಗುವಾಗ ಅರವತ್ತಾಗಿರುತ್ತದೆ, ನೀನು ಯಾವ ಊರಿನಲ್ಲಿರುತ್ತೀಯೋ ಗೊತ್ತಿಲ್ಲ ಎಂದೂ ಹೇಳಿದೆ. ಇದು ಸ್ವಲ್ಪ ಕಠಿಣವಾಯಿತು. ಮೈಸೂರಿಗೆ ಹೋದವಳು ನಾಲ್ಕು ದಿನ ಫೋನ್ ಎತ್ತಲಿಲ್ಲ.

ಮಾರ್ಚ್ ನಡುವಿನಲ್ಲಿ, ರಂಜಾನಿನ ಎರಡನೆಯ ವಾರ, ಮರಿ ತಿಪಟೂರಿನ ಟೀಚರಮ್ಮನ ತಮ್ಮನ ಮನೆಗೆ ಹೋಯಿತು. ಬುಟ್ಟಿ ಹೊತ್ತ ಕಾರು ತಿರುವು ದಾಟುವವರೆಗೆ ನಾನು ಕಿಟಕಿಯಲ್ಲಿ ನಿಂತಿದ್ದೆ.

ಈದ್‌ಗೆ ಬಂದ ಮಗಳು ಬ್ಯಾಗು ಕೆಳಗಿಟ್ಟು, ಬಾದಾಮ್‌ನ ಬಲಗಡೆಗೆ ಸುತ್ತಿಕೊಂಡು ಹೋಗಿ ಕುಳಿತಳು. ಎಡಗಡೆಯಿಂದ ಹೋದರೆ ಬೆಚ್ಚುತ್ತಾನೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಶೀರ್ ಖುರ್ಮಾ ಕುಡಿಯುತ್ತ ಮರಿಯ ಮಾತು ಎತ್ತಲೇ ಇಲ್ಲ. ಎತ್ತಿದವರು ಅಮ್ಮಾಜಿ.

"ಟೀಚರಮ್ಮನ ನಾಯಿ ಮತ್ತೆ ಯಾವಾಗ ಮರಿ ಹಾಕುತ್ತಂತೆ?"

"ಇನ್ನು ಹಾಕಲ್ಲ ಅಮ್ಮಾಜಿ. ಅವರು ಆಪರೇಷನ್ ಮಾಡಿಸಿಬಿಟ್ಟರು" ಎಂದೆ.

ಅವರು ಬಟ್ಟಲಿನ ತಳದ ದ್ರಾಕ್ಷಿಯನ್ನು ಚಮಚದಿಂದ ಹೆಕ್ಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ತಿಪಟೂರಿಗೆ ಹೋದದ್ದು ಹೆಣ್ಣೇ ಅಲ್ಲವೆ?" ಎಂದರು.