ಹಳ್ಳಿ ಹುಡುಗ, ಹಲ್ಲಿ ಹುಡುಗ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಆಸ್ಟ್ರೇಲಿಯಾದ ಟೆಸ್ಟ್ ಮ್ಯಾಚ್ ಇದ್ದ ದಿನ ನಮ್ಮ ಮನೆಯಲ್ಲಿ ಎರಡು ಆಟ ನಡೆಯುತ್ತಿದ್ದವು. ಒಂದು ಟಿ.ವಿ.ಯೊಳಗೆ, ಇನ್ನೊಂದು ಟಿ.ವಿ.ಗೂ ನಮ್ಮ ದಾದಾಗೂ. ಉಸ್ಮಾನ್ ಖ್ವಾಜಾ ಬ್ಯಾಟ್ ಹಿಡಿದು ಬಂದರೆ ಕಾಮೆಂಟರಿಯವರು "ಕವಾಜಾ" ಎನ್ನುತ್ತಿದ್ದರು. ದಾದಾ ಚಹಾದ ಕಪ್ಪನ್ನು ಕೆಳಗಿಟ್ಟು, "ಖಾಜಾ ಬೋಲ್ ರೇ, ಖಾಜಾ!" ಎಂದು ಟಿ.ವಿ.ಗೇ ಬೈಯುತ್ತಿದ್ದರು.

ದಾದಾ ಹೇಳುವುದರಲ್ಲಿ ನ್ಯಾಯವಿದೆ. ಉರ್ದುವಿನಲ್ಲಿ ಆ ಹೆಸರನ್ನು ಬರೆಯುವಾಗ 'ವಾವ್' ಅಕ್ಷರ ಇರುತ್ತದೆ, ಓದುವಾಗ ಅದು ಬಾಯಿಗೆ ಬರುವುದಿಲ್ಲ. ಕನಸು ಎಂಬರ್ಥದ 'ಖ್ವಾಬ್' ಎಂದು ಬರೆದು 'ಖಾಬ್' ಎಂದು ಓದುವ ಹಾಗೆ. ಖ್ವಾಜಾ ಬಂದಾನವಾಜರ ದರ್ಗಾ ಇರುವ ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಹೆಸರು ತಪ್ಪಾಗಿ ಕೇಳಿದರೆ ಸುಮ್ಮನಿರಲು ಆಗುತ್ತದೆಯೇ? (ಆದರೆ ಲಖನೌದವರು ಕೇಳಿದರೆ ದಾದಾರನ್ನೇ ತಿದ್ದುತ್ತಾರೆ. ನಾವು ದಖನಿ ಮಾತಾಡುವವರು ಪೆನ್ನಿಗೆ 'ಕಲಮ್' ಎನ್ನದೆ 'ಖಲಮ್' ಎನ್ನುತ್ತೇವೆ. ಇದನ್ನು ದಾದಾಗೆ ಹೇಳುವ ಧೈರ್ಯ ನನಗಿಲ್ಲ.)

ಇಂಥ ದೂರುಗಳನ್ನು ಸೇರಿಸುವುದು ನನಗೂ ನನ್ನ ಬೆಂಚಿನ ಗೆಳೆಯನಿಗೂ ಒಂದು ಹವ್ಯಾಸವಾಗಿತ್ತು. ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಲೆಡ್ಜರ್ ತೆರೆದಿದ್ದೆವು. ಡೆಬಿಟ್ ಕಡೆ ತಪ್ಪುಗಳು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮಾರ್ನಸ್ ಲಾಬುಶೇನ್ ಹೆಸರು ಆಫ್ರಿಕಾನ್ಸ್ ಭಾಷೆಯಲ್ಲಿ ಸುಮಾರು 'ಲಾಬುಸ್‌ಕಾಖ್ನಿ' ಎಂದಾಗುತ್ತದಂತೆ. ಆರ್‌ಸಿಬಿ ನಾಯಕನಾಗಿದ್ದ ಡು ಪ್ಲೆಸಿಯ ಹೆಸರಿನ ಕೊನೆಗೆ ಇಲ್ಲದ ಒಂದು 'ಸ್' ಸೇರಿಸುವವರು ಟಿ.ವಿ.ಯಲ್ಲೂ ಇದ್ದರು, ನಮ್ಮ ಕ್ಲಾಸಿನಲ್ಲೂ ಇದ್ದರು. ಶಮಿಯನ್ನು ಶಾಮಿ ಮಾಡುವವರು, ಕರುಣ್ ನಾಯರ್ ಹೆಸರಿನ ಣಕಾರವನ್ನು ನುಂಗುವವರು ಎಲ್ಲರೂ ಅಲ್ಲೇ. ಬರೀ ಹೆಸರಲ್ಲ, ಚಟಗಳೂ. ರವಿ ಶಾಸ್ತ್ರಿಯವರ 'ಟ್ರೇಸರ್ ಬುಲೆಟ್'ಗೆ ಒಂದು ಗೀಟು. ಕನ್ನಡ ಕಾಮೆಂಟರಿಯಲ್ಲಿ "ನೋಡಿ, ನೋಡಿ" ಎಂದಾಗಲೆಲ್ಲ ಒಂದು ಗೀಟು. ನಾವು ನೋಡುತ್ತಲೇ ಇದ್ದೇವಲ್ಲ! ಕ್ರೆಡಿಟ್ ಕಡೆ ಒಬ್ಬರದೇ ಹೆಸರಿತ್ತು, ರಿಚಿ ಬೆನೊ. ಪರದೆಯ ಮೇಲೆ ಕಾಣುವುದನ್ನೇ ಮತ್ತೆ ಹೇಳದೆ ಸುಮ್ಮನಿರಲು ಗೊತ್ತಿದ್ದವರು ಎಂದು ಅಬ್ಬಾ ಹೇಳಿ ಬರೆಸಿದ್ದು.

ಎಲ್ಲ ಚಟಗಳಿಗೂ ಕಾಮೆಂಟೇಟರನ್ನೇ ಹೊಣೆ ಮಾಡುವಂತಿಲ್ಲ. ಐಪಿಎಲ್‌ನ ಮೊದಲ ವರ್ಷಗಳಲ್ಲಿ ಸಿಕ್ಸರ್ ಹೊಡೆದರೆ 'ಡಿಎಲ್ಎಫ್ ಮ್ಯಾಕ್ಸಿಮಮ್' ಎನ್ನುತ್ತಿದ್ದರಂತೆ. ಕಂಪನಿ ದುಡ್ಡು ಕೊಟ್ಟಿದೆ, ಬಾಯಿ ಹೇಳುತ್ತದೆ. ಕಾಮರ್ಸ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ನಮ್ಮ ಕಾಲೇಜಿನ ಅಂತರ ವಿಭಾಗ ಪಂದ್ಯಾವಳಿಯಲ್ಲಿ ಮೈಕ್ ನನ್ನ ಕೈಗೆ ಬಂತು. ನಾನು ಟಿ.ವಿ.ಯವರ ದನಿ ಅನುಕರಿಸುತ್ತೇನೆಂದು ದೈಹಿಕ ಶಿಕ್ಷಣದ ಸರ್‌ಗೆ ಯಾರೋ ಹೇಳಿದ್ದರು. ನಾಲ್ಕು ಓವರ್ ಚೆನ್ನಾಗಿಯೇ ಹೋಯಿತು. ಆಮೇಲೆ ನನ್ನ ಬೆಂಚಿನ ಗೆಳೆಯ ಬ್ಯಾಟಿಂಗಿಗೆ ಬಂದ. ಅವನು ದಿನಾ ಎರಡು ಬಸ್ ಬದಲಿಸಿ ಊರಿನಿಂದ ಬರುವವನು. ಮೊದಲ ಚೆಂಡನ್ನೇ ನೀರಿನ ಟ್ಯಾಂಕಿನ ಕಡೆ ಎತ್ತಿದ. ನಾನು ಖುಷಿಯಿಂದ ಕೂಗಿದೆ: "ನೋಡಿ ನೋಡಿ, ನಮ್ಮ ಹಲ್ಲಿ ಹುಡುಗನ ಸಿಕ್ಸರ್!"

ಮೈದಾನವೆಲ್ಲ ನಕ್ಕಿತು. ನನ್ನ ಕಾಮೆಂಟರಿ ಜನರಿಗೆ ಹಿಡಿಸಿತು ಅಂದುಕೊಂಡೆ. ಅವನು ಒಂದು ರನ್ ತೆಗೆದರೂ ಹಲ್ಲಿ ಹುಡುಗ, ಚೆಂಡು ತಡೆದರೂ ಹಲ್ಲಿ ಹುಡುಗ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ, ಲೆಡ್ಜರ್ ಅಂದು ನನ್ನ ಹತ್ತಿರ ಇರಲಿಲ್ಲ.

ಮರುದಿನ ಕಪ್ಪುಹಲಗೆಯ ಮೇಲೆ ದೊಡ್ಡದೊಂದು ಹಲ್ಲಿಯ ಚಿತ್ರ. ಕೆಳಗೆ ಹೆಸರು ಅವನದು. ಆಗಲೇ ನನಗೆ ಗೊತ್ತಾಗಿದ್ದು. ಉರ್ದುವಿನಲ್ಲಿ ಳಕಾರವಿಲ್ಲ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ. ತಪ್ಪಿದ್ದು ನನ್ನ ನಾಲಿಗೆ, ಅಡ್ಡಹೆಸರು ಅಂಟಿದ್ದು ಅವನಿಗೆ. ಅವನು ಬ್ಯಾಗ್ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನೋಟ್‌ಬುಕ್ಕಿನ ಆ ಪುಟವನ್ನು ತೆರೆಯಲು ನನಗೂ ಮನಸ್ಸಾಗಲಿಲ್ಲ.

ಎಂಟನೇ ದಿನ ಬಸ್ ಸ್ಟ್ಯಾಂಡಿನವರೆಗೂ ಅವನ ಹಿಂದೆ ನಡೆದೆ. "ಬೇಕಂತ ಅಂದಿಲ್ಲಪ್ಪ, ನನಗ ಕೇಳಿಸಂಗೇ ಇಲ್ಲ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲಿಗಿ ಹಿಂದಕ್ಕ ಮಡಚು, ಈಗ ಅನ್ನು" ಎಂದ. ಬಸ್ ಬರುವವರೆಗೆ ಪಾಠ ನಡೆಯಿತು. ಹಳ್ಳಿ, ಹಲ್ಲಿ. ಬೆಳೆ, ಬೆಲೆ. ಅರ್ಥಶಾಸ್ತ್ರದ ಸೆಮಿನಾರಿನಲ್ಲಿ 'ಬೆಳೆಯ ಬೆಲೆ'ಯನ್ನು ನಾನು ಎಷ್ಟು ಸಲ 'ಬೆಲೆಯ ಬೆಲೆ' ಮಾಡಿದ್ದೆನೋ! ಬಸ್ ಹತ್ತುವಾಗ ಅವನು, "ಕುಂಬ್ಳೆ ಅನ್ನು ನೋಡೋಣ" ಎಂದ.

ನಾನು ಬೆಚ್ಚಿಬಿದ್ದೆ. 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ವಿಡಿಯೊ ಅಬ್ಬಾ ಜೊತೆ ಎಷ್ಟು ಸಲ ನೋಡಿದ್ದೇನೆ. 26.3 ಓವರ್, 74 ರನ್, 10 ವಿಕೆಟ್, ಎಲ್ಲ ಬಾಯಿಪಾಠ. ಹೆಸರು ಮಾತ್ರ ಹುಟ್ಟಿದಾಗಿನಿಂದ 'ಕುಂಬ್ಲೆ'! ಇಂಗ್ಲಿಷ್ ಕಾಮೆಂಟರಿಯವರು ಹೇಳುವುದೂ ಹಾಗೇ. ಅದು ನಮ್ಮ ಡೆಬಿಟ್ ಕಡೆ ಯಾಕೆ ಬರಲಿಲ್ಲ ಎಂದು ಆಗ ಹೊಳೆಯಿತು. ಆ ಪಟ್ಟಿಯಲ್ಲಿ ಪೆನ್ನು ಹಿಡಿದವನು ನಾನು.

ರಾತ್ರಿ ದಾದಾ ಮುಂದೆ ಕೂತು, "ಕುಂಬ್ಲೆ ಅಲ್ಲ ದಾದಾ, ಕುಂಬ್ಳೆ" ಎಂದೆ. ದಾದಾ ನನ್ನ ಮುಖ ನೋಡಿ, "ವಹೀಚ್ ತೋ ಬೋಲಾ ಮೈಂ, ಕುಂಬ್ಲೆ" ಎಂದರು. ಮೂರು ಸಲ ಹೇಳಿದೆ. ಮೂರು ಸಲವೂ ಅವರಿಗೆ ವ್ಯತ್ಯಾಸ ಕೇಳಿಸಲಿಲ್ಲ. 'ಕವಾಜಾ' ಎನ್ನುವವರ ಕಿವಿಯೂ ಹೀಗೆಯೇ ಇರಬಹುದೇನೋ. ದಾದಾ ಅದನ್ನು ಒಪ್ಪಲಿಲ್ಲ. ಅವರಿಗೆ ದುಡ್ಡು ಕೊಡುತ್ತಾರೆ, ಆಟಗಾರನನ್ನೇ ಕೇಳಿ ಕಲಿಯಲಿ ಎಂದರು. ಅದೂ ಸರಿಯೇ. ನಾನೂ ಮೈಕ್ ಹಿಡಿಯುವ ಮುಂಚೆ ಗೆಳೆಯನನ್ನು ಕೇಳಬಹುದಿತ್ತು.

ಫೈನಲ್ ದಿನ ಸರ್ ಮತ್ತೆ ಮೈಕ್ ಕೊಟ್ಟರು. ಎರಡೂ ತಂಡದವರ ಹತ್ತಿರ ಹೋಗಿ ಹೆಸರು, ಊರು ಕೇಳಿ ಬರೆದುಕೊಂಡೆ. ಳ, ಣ ಬಂದಲ್ಲೆಲ್ಲ ಕೆಂಪು ಗೆರೆ. ಸೈನ್ಸ್‌ನವರಲ್ಲಿ ಕೆಲವರು ಅವನನ್ನು ಇನ್ನೂ "ಹಲ್ಲಿ" ಎಂದೇ ಕರೆಯುತ್ತಾರೆ, ಅದನ್ನು ಅಳಿಸುವ ಡಸ್ಟರ್ ನನ್ನ ಬಳಿ ಇಲ್ಲ. ಆದರೆ ಅವನು ಕ್ರೀಸಿಗೆ ಬಂದಾಗ ಅವನ ಹೆಸರು, ಅವನ ಹಳ್ಳಿಯ ಹೆಸರು ಎರಡನ್ನೂ ಸರಿಯಾಗಿ, ನಿಧಾನವಾಗಿ ಹೇಳಿದೆ. ಯಾರೂ ನಗಲಿಲ್ಲ.

ಆ ಸಂತೋಷದಲ್ಲಿ ಕಾಗದ ನೋಡುವುದನ್ನು ಮರೆತು, "ಈಗ ಏಲನೇ ಓವರ್" ಎಂದುಬಿಟ್ಟೆ. ಅವನು ಪಿಚ್ಚಿನಿಂದಲೇ ನನ್ನ ಕಡೆ ತಿರುಗಿ, ಬಾಯಿ ತೆರೆದು, ನಾಲಿಗೆ ಹಿಂದಕ್ಕೆ ಮಡಚಿ ತೋರಿಸಿದ.